ಸಾಂತಾ ಫೆ ಮ್ಯೂಸಿಯಂ: ಕರೀ ಹಲಗಿ ಮ್ಯಾಲ ಗೋಧಿ ಹುಲ್ಲಿನ ಬಂಗಾರ

ಮಗಳ ಬಾಣಂತನಕ್ಕ ಅಂತ ಅಮೆರಿಕದ ಆಲ್ಬುಕರ್ಕಿಗೆ ಹೋಗಿ ನಾಲ್ಕು ತಿಂಗಳು ಇದ್ದು ಮೊನ್ನೆ ಬೀದರ್‌ಗೆ ವಾಪಸ್ ಬಂದೀನಿ, ಬಂದಾಗಿಂದ ಓಣ್ಯಾಗ ಎಲ್ಲಾರೂ ಏನೇನ್ ನೋಡಿದ್ರಿ ಅಕ್ಕಾ ಅಂತ ಕೇಳ್ಲಿಕತ್ತಾರ. ಭಾಳ ಜಾಗ ನೋಡೀನಿ, ಖರೇ ಮನಸ್ಸಿನಾಗ ಉಳದಿದ್ದು ಒಂದೇ, ನ್ಯೂ ಮೆಕ್ಸಿಕೊ ರಾಜ್ಯದ ಸಾಂತಾ ಫೆ ಊರಿನ ನುಯೆವೊ ಮೆಹಿಕಾನೊ ಹೆರಿಟೇಜ್ ಆರ್ಟ್ಸ್ ಮ್ಯೂಸಿಯಂ, ಅಲ್ಲಿನ ಸ್ಪ್ಯಾನಿಷ್ ಮೂಲದ ಮಂದಿಯ ಕೈಕೆಲಸ ಇಟ್ಟಿರೋ ಜಾಗ. ಮೊದಲು ಇದಕ್ಕ ಮ್ಯೂಸಿಯಂ ಆಫ್ ಸ್ಪ್ಯಾನಿಷ್ ಕಲೋನಿಯಲ್ ಆರ್ಟ್ ಅಂತಿದ್ರು, ಹಳೇ ಹೆಸರಿನ ಮ್ಯಾಲ ಹುಡುಕಿದ್ರೂ ಸಿಗ್ತದ.

ಆಲ್ಬುಕರ್ಕಿಯಿಂದ ಕಾರಿನಾಗ ಒಂದು ತಾಸಿನ ದಾರಿ. ಸಾಂತಾ ಫೆ ಸುಮಾರು 7,000 ಅಡಿ ಎತ್ತರದಾಗ ಅದ, ವಯಸ್ಸಾದವರನ್ನ ಕರ್ಕೊಂಡು ಹೋಗೋದಿದ್ರ ಸಾವಕಾಶ ನಡೀರಿ, ನನಗ ಮೊದಲನೇ ಹತ್ತು ನಿಮಿಷ ಉಸಿರು ಹತ್ತಿತ್ತು. ಕಟ್ಟಡ ದೊಡ್ಡದಲ್ಲ, 1930ರಾಗ ಜಾನ್ ಗಾ ಮೀಮ್ ಅನ್ನೋ ಆರ್ಕಿಟೆಕ್ಟ್ ಮಾಡಿದ ಮನಿ, ಮಣ್ಣಿನ ಬಣ್ಣದ್ದು, ನೋಡಿದ ಕೂಡ್ಲೇ ನಮ್ಮ ಹಳ್ಳಿ ಕಡಿ ಮಾಳಿಗಿ ಮನಿ ನೆನಪಾಗ್ತದ. 2002ರಾಗ ಮ್ಯೂಸಿಯಂ ಆಗಿ ತೆರದಾರ, ಆದ್ರ ಇದನ್ನ ಕಟ್ಟಿದ ಕಲಾ ಸೊಸೈಟಿ 1925ರಿಂದ ಅದ.

ಒಳಗ ಎರಡನೇ ಖೋಲ್ಯಾಗ ಒಂದು ಶಿಲುಬಿ ಮುಂದ ನಿಂತವಳು ಅಲ್ಲೇ ನಿಂತುಬಿಟ್ಟೆ. ಕರೀ ಕಟಗಿ, ಅದರ ಮ್ಯಾಲ ಸಣ್ಣ ಸಣ್ಣ ಹೂ, ಬಳ್ಳಿ, ನಕ್ಷತ್ರ, ಎಲ್ಲಾ ಬಂಗಾರದಂಗ ಮಿಂಚ್ಲಿಕತ್ತಿತ್ತು, ಹತ್ರ ಹೋಗಿ ನೋಡಿದ್ರ ಅದು ಗೋಧಿ ಹುಲ್ಲು! ಹುಲ್ಲಿನ ಕಡ್ಡಿ ಸೀಳಿ, ಚಪ್ಪಟಿ ಮಾಡಿ, ಅಕ್ಕಿಕಾಳಿಗಿಂತ ಸಣ್ಣ ತುಂಡು ಕತ್ತರಿಸಿ, ಕರೀ ಬಣ್ಣ ಹಚ್ಚಿದ ಹಲಗಿ ಮ್ಯಾಲ ಒಂದೊಂದೇ ಕೂಡಿಸ್ಯಾರ. ಬಂಗಾರ ಕೊಳ್ಳೋ ತಾಕತ್ತು ಇಲ್ಲದವರು ಕಂಡುಕೊಂಡ ದಾರಿ, ಅದಕ್ಕ ಬಡವರ ಬಂಗಾರ ಅಂತಾರ. ಬೀದರ್‌ದವರಿಗೆ ಇದನ್ನ ಬಿಡಿಸಿ ಹೇಳಬೇಕೇನ್ರಿ? ನಮ್ಮ ಬಿದ್ರಿ ಕೆಲಸದಾಗ ಸತು-ತಾಮ್ರದ ಪಾತ್ರಿ ಮ್ಯಾಲ ಉಳಿಯಿಂದ ಕೊರದು, ಬೆಳ್ಳಿ ತಂತಿ ಬಡದು ಕೂಡಿಸಿ, ಆಮ್ಯಾಲ ಕೋಟೆ ಮಣ್ಣು ನವಸಾಗರ ಹಾಕಿ ಕುದಿಸಿದ ನೀರಾಗ ಅದ್ದಿದ್ರ ಲೋಹ ಕರ್ರಗಾಗಿ ಬೆಳ್ಳಿ ಎದ್ದು ಕಾಣ್ತದಲ್ಲ, ಅದೇ ಕರಿ, ಅದೇ ಮಿಂಚು. ಕಣ್ಣಾಗ ನೀರು ಬಂತು ನನಗ, ಮಗಳು ಯಾಕವ್ವಾ ಏನಾತು ಅಂದಳು.

ಈ ಹುಲ್ಲಿನ ಕೆಲಸ ಒಂದು ಕಾಲಕ್ಕ ನಿಂತೇ ಹೋಗಿತ್ತಂತ. 1930ರ ದಶಕದಾಗ ಎಲಿಸಿಯೊ ರೋಡ್ರಿಗೆಜ್ ಅನ್ನೋ ಚಿತ್ರಗಾರ ಹಳೇ ತುಣುಕು ನೋಡಿ ನೋಡಿ ಮತ್ತ ಕಲತು ಶುರು ಮಾಡಿದ, ಹೆಂಡತಿ ಪೌಲಾನೂ ಕಲತಳು, 2004ರಾಗ ಗಂಡ ಹೆಂಡತಿ ಇಬ್ಬರಿಗೂ ಅಲ್ಲಿನ ಸರ್ಕಾರದ ದೊಡ್ಡ ಜಾನಪದ ಗೌರವ ಸಿಕ್ತು.

ಇನ್ನೊಂದು, ಸಾನ್ ಇಸಿದ್ರೊ ಅಂತ ರೈತರ ಸಂತ. ಅವ ಪ್ರಾರ್ಥನಾ ಮಾಡೋ ಹೊತ್ತಿನಾಗ ದೇವದೂತನೇ ಬಂದು ಎತ್ತು ಹೂಡಿ ಹೊಲ ಉಳತಾನ ಅಂತ ಕಥಿ. ಕಟಗ್ಯಾಗ ಕೆತ್ತಿದ ಎರಡು ಎತ್ತು, ನೊಗ, ಹಿಂದ ರೆಕ್ಕಿ ಇರೋ ದೂತ. ಕಾರಹುಣ್ಣಿಮಿಗೆ ಎತ್ತಿನ ಕೋಡಿಗೆ ಬಣ್ಣ ಬಳಿಯೋ ನಮ್ಮಪ್ಪ ಇದ್ದಿದ್ರ ಇಲ್ಲಿಂದ ಏಳ್ತಿದ್ದಿಲ್ಲ. ಕಾಟನ್‌ವುಡ್ ಮರದ ಬೇರಿನಾಗ ಕೆತ್ತಿ, ಜಿಪ್ಸಮ್ ಬಳದು, ಗಿಡ-ಮಣ್ಣಿನ ಬಣ್ಣ ಹಚ್ಚೋದು ಅಲ್ಲಿನ ಪದ್ಧತಿ. ಕಸೂತಿ, ತಗಡಿನ ಕೆಲಸ, ಕಂಬಳಿನೂ ಅವ, ಅವನ್ನ ನಾ ಬೇಗ ದಾಟಿದೆ.

ನನಗ ಎಲ್ಲಾಕಿಂತ ಹಿಡಿಸಿದ್ದು ಏನಂದ್ರ ಇಲ್ಲಿ ಈಗ ಬದುಕಿರೋರು ಮಾಡಿದ್ದನ್ನೂ ಕೊಂಡು ಇಡತಾರ, ಪಕ್ಕದಾಗ ಚೀಟಿ ಮ್ಯಾಲ ಮಾಡಿದವರ ಹೆಸರು ಬರೀತಾರ. ಹಳೇ ಕಾಲದವರ ಹೆಸರು ಭಾಳ ಮಂದೀದು ಕಳದೇ ಹೋಗ್ಯದ, 1800ರ ಆಸುಪಾಸಿನ ಒಬ್ಬ ದೊಡ್ಡ ಕಲಾವಿದನನ್ನ ಅವ ಕೆಲಸ ಮಾಡಿದ ಲಗೂನಾ ಊರಿನ ಚರ್ಚಿನ ಹೆಸರಿನಿಂದ ಲಗೂನಾ ಸಾಂತೆರೊ, ಅಂದ್ರ ಲಗೂನಾದಾಗ ಸಂತರ ಮೂರ್ತಿ-ಚಿತ್ರ ಮಾಡಾವ, ಅಂತ ಕರೀತಾರ ಅಷ್ಟೇ. ಇನ್ನ ಮುಂದ ಹಂಗ ಆಗಬಾರದು. ಜುಲೈ ಕೊನಿಗೆ ಊರ ನಡುವಿನ ಚೌಕದಾಗ ಸ್ಪ್ಯಾನಿಷ್ ಮಾರ್ಕೆಟ್ ನಡೀತದ, 1926ರಾಗ ಶುರುವಾಗಿದ್ದು, ಅಲ್ಲಿ ಮಾಡಿದವರ ಕೈಯಿಂದಲೇ ಕೊಳ್ಳಬಹುದು, ಸಣ್ಣ ಹುಡುಗ್ರೂ ತಾವು ಮಾಡಿದ್ದನ್ನ ಇಟ್ಕೊಂಡು ಕೂಡತಾವ. ಹೋಗೋರು ಆ ಹೊತ್ತಿಗೇ ಹೋಗ್ರಿ.

ನಮ್ಮ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಾಗ ಪದ್ಮಶ್ರೀ ಬಂದಾಗ ಬೀದರ್‌ಗೆ ಬೀದರೇ ಖುಷಿಪಟ್ಟೀವಿ, ಆದ್ರ ಅವರ ಜೋಡಿ ಉಳಿ ಹಿಡದು ಕೂತ ಉಳದವರ ಹೆಸರು ನಮಗೆಷ್ಟು ಗೊತ್ತದ ಹೇಳ್ರಿ?

ಬರೋ ಮುಂದ ಮಗಳು ಅಂಗೈಯಷ್ಟರ ಒಂದು ಹುಲ್ಲಿನ ಶಿಲುಬಿ ಕೊಡಿಸಿದಳು. ಮನಿಗೆ ಬಂದು ಶೋಕೇಸಿನಾಗ ನನ್ನ ಮದಿವ್ಯಾಗ ಬಂದ ಬಿದ್ರಿ ಹೂದಾನಿ ಪಕ್ಕಕ್ಕ ಇಟ್ಟೆ. ಶಿಲುಬಿ ಹಿಂದ ಮಾಡಿದಾಕಿ ಸಹಿ ಅದ, ವರ್ಷ ಅದ. ಹೂದಾನಿ ಬುಡ ಮ್ಯಾಲ ಮಾಡಿ ನೋಡಿದೆ, ಏನೂ ಬರದಿಲ್ಲ. ಚೌಬಾರದ ಕಡೀ ಅಂಗಡ್ಯಾಗ ತಂದಿದ್ದು ಅಂತ ಅಣ್ಣಗ ನೆನಪದ, ಈ ಐತವಾರ ಹೂದಾನಿ ಕೈಚೀಲದಾಗ ಹಾಕ್ಕೊಂಡು ಆ ಕಡಿ ಹೋಗ್ತೀನಿ, ಕೆಲಸದ ಕೈ ನೋಡಿ ಇದು ಯಾರದು ಅಂತ ಗುರುತು ಹಿಡಿಯೋ ಹಿರಿಯರು ಯಾರಾದ್ರೂ ಇದ್ದೇ ಇರ್ತಾರ.