ಕಣ್ಣೂರು ಕೋಟೆ: ಮುರಕಲ್ಲಿನ ಕೆಲಸ ನೋಡಲಿಕ್ಕಾದರೂ ಹೋಗಿ

ನಾನು ಕಾಸರಗೋಡಿನ ಬದಿಯಡ್ಕ ಕಡೆ ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ಮನೆ ಕಟ್ಟುವ ಮೇಸ್ತ್ರಿ. ಯಾವ ಕೋಟೆಗೆ ಹೋದರೂ ಮೊದಲು ಕಣ್ಣು ಹೋಗುವುದು ಗೋಡೆಗೆ. ಬೇಕಲ ಕೋಟೆ ನಮಗೆಲ್ಲ ಗೊತ್ತು. ಆದರೆ ಕಣ್ಣೂರಿನ ಸೇಂಟ್ ಆಂಜೆಲೊ ಕೋಟೆ ನೋಡಿದವರು ನಮ್ಮಲ್ಲಿ ಕಡಿಮೆ. ಕಾಸರಗೋಡಿನಿಂದ ರೈಲು ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಅಲ್ವಾ?

1505ರಲ್ಲಿ ಪೋರ್ಚುಗೀಸರ ಮೊದಲ ವೈಸ್‌ರಾಯ್ ಫ್ರಾನ್ಸಿಸ್ಕೊ ದೆ ಅಲ್ಮೇಡಾ ಆಗ ಕಣ್ಣೂರು ಆಳುತ್ತಿದ್ದ ಕೋಲತ್ತಿರಿ ಅರಸರ ಒಪ್ಪಿಗೆ ಪಡೆದು ಶುರು ಮಾಡಿಸಿದ ಕೋಟೆ ಇದು. ಶಿವಪ್ಪ ನಾಯಕರ ಬೇಕಲಕ್ಕಿಂತ ಸುಮಾರು ನೂರೈವತ್ತು ವರ್ಷ ಹಳೆಯದು. ಆಕಾರ ತ್ರಿಕೋನ. ಕಡಲಿಗೆ ಚಾಚಿದ ನೆಲದ ಮೇಲೆ ಕೂತಿದೆ, ಊರಿನ ಕಡೆಗೆ ಮಾತ್ರ ಕಂದಕ ತೋಡಿದ್ದಾರೆ. ಕಾವಲಿಗೆ ಎಲ್ಲಿ ಎಷ್ಟು ಬೇಕೋ ಅಷ್ಟೇ ಕೆಲಸ. ನನಗೆ ತುಂಬ ಹಿಡಿಸಿದ್ದು ಇದೇ.

ಕಲ್ಲು ನಮ್ಮದೇ ಮುರಕಲ್ಲು. ಕೋರೆಯಲ್ಲಿ ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ಕುಡಿದ ಮೇಲೆ ಗಟ್ಟಿ. ದೂರದಿಂದ ಬಂದವರಿಗೂ ಈ ಕಲ್ಲನ್ನೇ ನಂಬಬೇಕಾಯಿತು. ಕೊತ್ತಳದ ಮೇಲೆ ನಿಂತು ಪಕ್ಕದ ಮಾಪ್ಪಿಳ ಬೇ (ಬಂದರಿರುವ ಕೊಲ್ಲಿ) ಕಡೆ ನೋಡಿ. ಬಂದರಿಗೆ ಬರುವ ಹಡಗು ಇಲ್ಲಿಂದ ತಪ್ಪಿಸಿಕೊಳ್ಳಲಿಕ್ಕೆ ಸಾಧ್ಯವೇ ಇರಲಿಲ್ಲ ಅಂತ ಅಲ್ಲೇ ಅರ್ಥವಾಗುತ್ತದೆ.

1507ರ ಮುತ್ತಿಗೆಯ ಕಥೆಯನ್ನು ತಿಳಿದುಕೊಂಡು ಹೋಗಿ. ಪೋರ್ಚುಗೀಸರು ಇಲ್ಲಿನ ವ್ಯಾಪಾರಿಗಳ ಹಡಗು ಮುಳುಗಿಸಿದ್ದಕ್ಕೆ ಊರೇ ಸಿಟ್ಟಿಗೆದ್ದಿತ್ತು. ಹೊಸ ಕೋಲತ್ತಿರಿ ಅರಸರು ಕೋಟೆಗೆ ಮುತ್ತಿಗೆ ಹಾಕಿದರು, ಕಲ್ಲಿಕೋಟೆಯ ಅರಸ ಸಾಮೂದಿರಿ ಸಹಾಯ ಕಳಿಸಿದರು. ಒಳಗಿದ್ದವರ ಬಾವಿ ಗೋಡೆಯ ಹೊರಗಿತ್ತು. ಒಂದೊಂದು ಕೊಡ ನೀರಿಗೂ ಜಗಳ. ಕೊನೆಗೆ ಬಾವಿಯವರೆಗೆ ನೆಲದಡಿಯಲ್ಲಿ ಸುರಂಗ ತೋಡಿದರು. ಬಾವಿ ತೋಡುವವರ ಜೊತೆ ಕೆಲಸ ಮಾಡಿದ ನನಗೆ ಆ ಕಷ್ಟ ಗೊತ್ತು. ಒಳಗಿನ ಆಹಾರ ಖಾಲಿಯಾದಾಗ ಅಲೆಗಳು ರಾಶಿ ರಾಶಿ ಏಡಿ, ಸಿಗಡಿಗಳನ್ನು ದಡಕ್ಕೆ ತಂದು ಹಾಕಿದವು ಅಂತ ಪೋರ್ಚುಗೀಸರ ಕಡೆಯವರು ಬರೆದಿಟ್ಟಿದ್ದಾರೆ. ಆಗಸ್ಟ್ ಕೊನೆಗೆ ಪೋರ್ಚುಗೀಸ್ ಹಡಗುಗಳು ಬಂದು ಅವರನ್ನು ಉಳಿಸಿದವು.

ಆಮೇಲೆ 1663ರಲ್ಲಿ ಡಚ್ಚರು ಕೋಟೆ ಹಿಡಿದರು, 1772ರಲ್ಲಿ ಕಣ್ಣೂರಿನ ಮುಸ್ಲಿಂ ಅರಸರಾದ ಅರಕ್ಕಲ್ ಮನೆತನಕ್ಕೆ ಮಾರಿದರು, 1790ರಲ್ಲಿ ಇಂಗ್ಲಿಷರ ಪಾಲಾಯಿತು. ಡಚ್ ಕಮಾಂಡರ್ ಒಬ್ಬರ ಹೆಂಡತಿ ಸುಸಾನಾ ಅವರ ಸಮಾಧಿ ಕಲ್ಲು ಒಳಗಿದೆ. ಅಕ್ಷರ ಕೆತ್ತಿದ ಕೈ ಎಂಥದ್ದು ನೋಡಿ. ಈಚೆಗೆ ನೆಲ ಅಗೆದಾಗ ಸಾವಿರಾರು ಫಿರಂಗಿ ಗುಂಡುಗಳು ಸಿಕ್ಕಿದ್ದೂ ಇಲ್ಲೇ.

ಒಂದು ಬೇಸರ. ಬಂದವರಲ್ಲಿ ಕೆಲವರು ಗೋಡೆಯಲ್ಲಿ ಹೆಸರು ಗೀರಿ ಹೋಗಿದ್ದಾರೆ. ಮುರಕಲ್ಲಿನ ಮೇಲ್ಮೈ ಒಮ್ಮೆ ಒಡೆದರೆ ಮಳೆನೀರು ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಮಕ್ಕಳ ಕೈಯಲ್ಲಿ ಕೀಲಿ, ಮೊಳೆ ಕೊಡಬೇಡಿ.

ಮಧ್ಯಾಹ್ನ ಬಿಸಿಲು ಜಾಸ್ತಿ, ನೀರು ಇಟ್ಟುಕೊಳ್ಳಿ. ಕಣ್ಣೂರು ಸ್ಟೇಷನ್‌ನಿಂದ ಸುಮಾರು 3 ಕಿ.ಮೀ., ಆಟೋದಲ್ಲಿ ಹೋಗಬಹುದು. ಸುಮ್ನೆ ಫೋಟೊ ಹೊಡೆದು ಬರುವುದಕ್ಕಾದರೆ ಅರ್ಧ ಗಂಟೆ ಸಾಕು. ಗೋಡೆ ನೋಡಲಿಕ್ಕೆ ಅರ್ಧ ದಿನ ಇಡಿ.