ತಿಂಗಳುಗಟ್ಟಲೆ ಸುತ್ತೋಕೆ ಟ್ರಾಲಿನಾ, ರಕ್‌ಸ್ಯಾಕಾ?

ಒಂದೇ ಊರಲ್ಲಿ ರೂಮ್ ಮಾಡ್ಕೊಂಡು ಇರೋರಾದ್ರೆ ಟ್ರಾಲಿ ತಗೊಳ್ಳಿ, ತಲೆ ಕೆಡಿಸ್ಕೋಬೇಡಿ. ಆದ್ರೆ ಎರಡು ದಿನಕ್ಕೊಂದ್ಸಲ ಊರು ಬದಲಾಯ್ಸೋ ಪ್ಲಾನ್ ಇದ್ರೆ ಬೆನ್ನಿಗೆ ಹಾಕೋ ದೊಡ್ಡ ಬ್ಯಾಗು, ಅಂದ್ರೆ ರಕ್‌ಸ್ಯಾಕೇ ಸರಿ. ಗೋಕರ್ಣದಲ್ಲಿ ಕುಡ್ಲೆ ಬೀಚಿಂದ ಓಂ ಬೀಚಿಗೆ ಗುಡ್ಡದ ದಾರೀಲಿ ಟ್ರಾಲಿ ಎಳ್ಕೊಂಡು ಹೋಗಿ ನೋಡಿ, ಚಕ್ರ ಇದ್ದೂ ಇಲ್ದಂಗೆ, ಕೊನೆಗೆ ಕೈಲಿ ಎತ್ಕೊಂಡೇ ನಡೀಬೇಕು, ರೈಲ್ವೆ ಸ್ಟೇಷನ್ ಮೆಟ್ಟಿಲು ಹತ್ತೋವಾಗ್ಲೂ ಅದೇ ಕಥೆ.

ಟ್ರಾಲಿಲಿ ಸುಖ ಏನಂದ್ರೆ ಜಿಪ್ ಎಳೆದ್ರೆ ಎಲ್ಲಾ ಕಣ್ಣೆದುರಿಗೆ, ಇಸ್ತ್ರಿ ಬಟ್ಟೆ ಅಷ್ಟಾಗಿ ಮುದುಡಲ್ಲ, ಸ್ಲೀಪರ್ ಕೋಚಲ್ಲಿ ಸೀಟಿನ ಕೆಳಗೆ ಚೈನ್ ಹಾಕಿ ಬೀಗ ಜಡಿದು ನೆಮ್ಮದಿಯಾಗಿ ಮಲಗ್ಬಹುದು. ಮೇಲಿಂದ ಮಾತ್ರ ಓಪನ್ ಆಗೋ ರಕ್‌ಸ್ಯಾಕಲ್ಲಿ ಒಂದು ಬನಿಯನ್ ಹುಡುಕೋಕೆ ಇಡೀ ಬ್ಯಾಗ್ ಸುರೀಬೇಕು, ಅದಕ್ಕೇ ಮುಂದಿಂದ ಪೂರ್ತಿ ಜಿಪ್ ಇರೋದನ್ನೇ ತಗೊಳ್ಳಿ. ಸೈಜ್ 40 ಲೀಟರ್ ಸಾಕು. 60 ತಗೊಂಡ್ರೆ ಜಾಗ ಇದ್ಯಲ್ಲ ಅಂತ ಮನೇಲಿ ಚಟ್ನಿಪುಡಿ ಡಬ್ಬಾನೂ ತುರುಕ್ತಾರೆ. ಸೊಂಟದ ಬೆಲ್ಟ್ ಇಲ್ದಿರೋದು ಬೇಡ್ವೇ ಬೇಡ, ಭಾರ ಎಲ್ಲಾ ಭುಜಕ್ಕೇ ಬೀಳುತ್ತೆ.

ಒಳಗೆ ಹಾಕೋದ್ರಲ್ಲಿ ಜೀನ್ಸ್‌ಗಿಂತ ತೆಳು ಪ್ಯಾಂಟ್ ವಾಸಿ (ಮಲೆನಾಡಿನ ಮಳೇಲಿ ಜೀನ್ಸ್ ಒಣಗೋ ಮಾತೇ ಇಲ್ಲ), ದಪ್ಪ ಟರ್ಕಿ ಟವೆಲ್‌ಗಿಂತ ತೆಳು ಕಾಟನ್ ಟವೆಲ್. ಪವರ್ ಬ್ಯಾಂಕ್ 10,000 ಎಂಎಎಚ್ ಆಗ್ಲಿ 20,000 ಆಗ್ಲಿ ವಿಮಾನದ 100 ವ್ಯಾಟ್-ಅವರ್ ಮಿತಿ ಒಳಗೇ ಬರುತ್ತೆ, ಆದ್ರೆ ಚೆಕ್‌ಇನ್ ಬ್ಯಾಗಲ್ಲಿ ಹಾಕಂಗಿಲ್ಲ, ಕ್ಯಾಬಿನ್ ಬ್ಯಾಗಲ್ಲೇ ಇರ್ಬೇಕು. ದಿನಾ ಚಾರ್ಜಿಂಗ್ ಸಿಗೋ ಕಡೆ ಚಿಕ್ಕದೇ ಸಾಕು, ಹಿಮಾಚಲದ ಸ್ಪಿತಿ ಕಡೆ ಹೋಗೋರು ಬೇಕಾದ್ರೆ ದೊಡ್ಡದು ತಗೊಳ್ಳಿ.