ಒಂದೇ ಅರ್ಜಿ, ನಾಲ್ಕು ಕೀಲಿಮಣೆ

ನನ್ನ ಅಂಗಡಿಯ ಎರಡು ಕೀಲಿಮಣೆಗಳನ್ನು ನೋಡಿದರೆ ಯಾವುದು ಯಾರದ್ದೆಂದು ಕೇಳಬೇಕಾಗಿಲ್ಲ. ನನ್ನದರಲ್ಲಿ ಎಫ್ ಅಕ್ಷರ ಪೂರ್ತಿ ಅಳಿಸಿಹೋಗಿದೆ. ಬೆರಳಿಗೆ ಗುರುತಾಗಲೆಂದು ಅದರ ಮೇಲಿದ್ದ ಪುಟ್ಟ ಉಬ್ಬುಗೆರೆಯೂ ಸವೆದು ನುಣ್ಣಗಾಗಿದೆ. ನಮ್ಮಲ್ಲಿ ಟೈಪಿಂಗ್ ಕೆಲಸಕ್ಕೆ ಬರುವ ಹುಡುಗಿಯದರಲ್ಲಿ ಅಳಿಸಿರುವುದು ಎ. ಎಫ್ ಮಾತ್ರ ಕೊಂಡು ತಂದ ದಿನದಂತೆ ಬೆಳ್ಳಗಿದೆ. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಹೊಡೆಯುವುದು ಕನ್ನಡವನ್ನೇ. ನಾನು ಕೆ.ಪಿ. ರಾವ್ ವಿನ್ಯಾಸದಲ್ಲಿ ಹೊಡೆಯುತ್ತೇನೆ. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತ ಹೋಗುತ್ತಾಳೆ, ಪರದೆಯ ಮೇಲೆ ಅದು ಕನ್ನಡವಾಗುತ್ತ ಬರುತ್ತದೆ.

ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ-ಜೆರಾಕ್ಸ್ ಅಂಗಡಿ ನಮ್ಮದು. ಅರ್ಜಿ, ಕರಾರುಪತ್ರ, ಮದುವೆಯ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ಹೀಗೆ ಬರುವುದೆಲ್ಲ ಕನ್ನಡದ ಕೆಲಸವೇ. ಯಾವ ಪದ್ಧತಿ ಮೇಲು ಎಂಬ ಜಗಳ ನಾಲ್ಕು ಗಂಟೆಯ ಚಹಾದ ಜೊತೆ ದಿನವೂ ನಡೆಯುತ್ತಿತ್ತು. “ಸರ್, ನೀವು ಹೇಳುವುದೆಲ್ಲ ಅಭ್ಯಾಸದ ಮಾತು. ಬೇರೆ ಯಾವುದನ್ನಾದರೂ ಒಂದು ವಾರ ಮುಟ್ಟಿ ನೋಡಿದ್ದೀರಾ?” ಎಂದು ಒಂದು ದಿನ ಕೇಳಿಬಿಟ್ಟಳು. ಇರಲಿಲ್ಲ. ಮಳೆಗಾಲ, ಜನ ಕಡಿಮೆ. ವಾರಕ್ಕೊಂದರಂತೆ ನಾಲ್ಕು ಪದ್ಧತಿಗಳನ್ನು ಬಳಸುವುದು, ಪ್ರತಿ ಶನಿವಾರ ಅದೇ ಒಂದು ಪುಟದ ಪೌತಿ ಖಾತೆ ಅರ್ಜಿಯನ್ನು ಹೊಡೆಯುವುದು, ಅವಳು ಮೊಬೈಲ್ ಹಿಡಿದು ಸಮಯ ಬರೆದುಕೊಳ್ಳುವುದು ಎಂದಾಯಿತು. ಪೌತಿ ಖಾತೆ ಅರ್ಜಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದರಲ್ಲಿ ತೀರಿಹೋದವರ ಹೆಸರು, ವಾರಸುದಾರರ ಹೆಸರುಗಳು, ಊರು, ಸರ್ವೆ ನಂಬರು, ಎಕರೆ-ಗುಂಟೆ ಎಲ್ಲ ಬರುತ್ತವೆ. ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ಅರ್ಜಿದಾರ ಮತ್ತೆ ಬಸ್ಸು ಹತ್ತಿ ಬರಬೇಕು.

ಇಪ್ಪತ್ತು ವರ್ಷದ ಹಿಂದೆಯೂ ಈ ಜಗಳ ಇತ್ತು, ಆದರೆ ಅದು ಬೆರಳಿನ ಜಗಳವಾಗಿರಲಿಲ್ಲ, ಫೈಲಿನ ಜಗಳವಾಗಿತ್ತು. ಆಗಿನ ಕನ್ನಡ ಫಾಂಟುಗಳು ಯುರೋಪಿನ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ನಮ್ಮ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ನೆತ್ತಿಯ ಮೇಲೆ ಟೋಪಿ, ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ನನ್ನ ಹಳೆಯ ಸಿ.ಡಿ.ಗಳಲ್ಲಿ ಅಂಥ ನೂರಾರು ಫೈಲುಗಳಿವೆ. ‘ಕರಾರು’ ಎಂದು ಹುಡುಕಿದರೆ ಒಂದೂ ಸಿಕ್ಕುವುದಿಲ್ಲ, ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅವುಗಳೊಳಗೆ ಕನ್ನಡವೇ ಇಲ್ಲ. ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ 128 ಸ್ವಂತ ಮನೆಗಳನ್ನು ಕೊಟ್ಟಿತ್ತು. ನಮ್ಮಂಥ ಅಂಗಡಿಗಳು ಅಲ್ಲಿಗೆ ಒಕ್ಕಲು ಹೋಗಲು ಬಹಳ ಕಾಲ ಹಿಡಿಯಿತು. ಈಗ ಯಾವ ದಾರಿಯಲ್ಲಿ ಹೊಡೆದರೂ ಕೊನೆಗೆ ಹುಟ್ಟುವುದು ಅದೇ ಯೂನಿಕೋಡ್ ಅಕ್ಷರ. ಉಳಿದಿರುವುದು ದಾರಿಯ ಪ್ರಶ್ನೆ.

ಮೊದಲ ವಾರ ನನ್ನದೇ ಪದ್ಧತಿ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ್ದು. ಅವರು ಅದನ್ನು ಅಳವಡಿಸಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟಿದ್ದರು. ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿ ಕಚೇರಿಗೂ ತಲುಪಿದ ವಿನ್ಯಾಸ ಇದೇ. ಇದರ ಗುಟ್ಟು ಸರಳ. ಕೆ ಒತ್ತಿದರೆ ಕ. ‘ಕ್’ ಅಲ್ಲ, ಅಕಾರ ಸೇರಿದ ಇಡೀ ‘ಕ’. ಶಾಲೆಯಲ್ಲಿ ನಾವು ಕಲಿತದ್ದೂ ಹಾಗೆಯೇ ಅಲ್ಲವೇ? ಅಕಾರ ಬೇಡವಾದಾಗ ಮಾತ್ರ ಎಫ್ ಒತ್ತಿ ಅದನ್ನು ಕಳಚಬೇಕು, ಒತ್ತಕ್ಷರಕ್ಕೂ ಅದೇ ಕೊಂಡಿ. ಹಾಗಾಗಿ ‘ಜನಗಣಮನ’ಕ್ಕೆ ಆರು ಒತ್ತು ಸಾಕು, ಇಂಗ್ಲಿಷ್ ಅಕ್ಷರಗಳಲ್ಲಿ ಅದಕ್ಕೆ ಹನ್ನೆರಡು ಬೇಕು. ಎರಡನೆಯ ಕೀಲಿಮಣೆಯಲ್ಲಿ ಎ ಸವೆದದ್ದು ಏಕೆಂದು ಈಗ ತಿಳಿಯಿತಲ್ಲ.

ನನ್ನದನ್ನು ಹೊಗಳಿಕೊಂಡದ್ದಾಯಿತು, ಇನ್ನು ಹುಳುಕು. ಟ ಇರುವುದು ಕ್ಯೂ ಮೇಲೆ, ಡ ಇರುವುದು ಡಬ್ಲ್ಯೂ ಮೇಲೆ. ಕನ್ನಡಕ್ಕೆ ಬೇರೆ ಕೆಲಸವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಹೀಗೆ ದುಡಿಸಿಕೊಂಡದ್ದು ಜಾಣತನವೇ ಸರಿ, ಆದರೆ ಹೊಸಬರು ಎಡವುವುದು ಅಲ್ಲೇ. ಅದಕ್ಕಿಂತ ದೊಡ್ಡ ತೊಂದರೆ ಶಿಫ್ಟ್. ಆಕಾರ, ದೀರ್ಘಗಳು, ಣ, ಳ, ಕೊನೆಗೆ ಸೊನ್ನೆ ಕೂಡ ಶಿಫ್ಟ್ ಹಿಡಿದೇ ಬರಬೇಕು. ಸೊನ್ನೆಯಿಲ್ಲದ ಕನ್ನಡ ವಾಕ್ಯ ಎಷ್ಟು ಸಿಕ್ಕೀತು? ಸಂಜೆಯ ಹೊತ್ತಿಗೆ ನನ್ನ ಎಡಗೈ ಕಿರುಬೆರಳು ನೋಯುವುದನ್ನು ಇಷ್ಟು ವರ್ಷ ವಯಸ್ಸಿನ ತಲೆಗೆ ಕಟ್ಟಿದ್ದೆ. ಶನಿವಾರದ ಅರ್ಜಿ ಒಂಬತ್ತು ನಿಮಿಷದಲ್ಲಿ ಮುಗಿಯಿತು, ತಪ್ಪು ಒಂದು.

ಎರಡನೆಯ ವಾರ ಹುಡುಗಿಯ ಪದ್ಧತಿ. ಇದರಲ್ಲಿ ಎರಡು ಜಾತಿಗಳಿವೆ, ಜಗಳವಾಡುವವರು ಎರಡನ್ನೂ ಒಂದೇ ಎಂದುಕೊಂಡು ಆಡುತ್ತಾರೆ. ಒಂದು ಕಟ್ಟುನಿಟ್ಟಿನದು: ಸಣ್ಣ ಎಲ್ ಎಂದರೆ ಲ, ದೊಡ್ಡ ಎಲ್ ಎಂದರೆ ಳ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ ಮನೆಮನೆಗೆ ಮುಟ್ಟಿಸಿದ್ದು ಈ ಬಗೆಯನ್ನು. ಹೊರದೇಶದಲ್ಲಿದ್ದ ಎಷ್ಟೋ ಕನ್ನಡಿಗರು ಕನ್ನಡದಲ್ಲಿ ಮೊದಲ ಇಮೇಲ್ ಬರೆದದ್ದು ಹೀಗೆಯೇ. ಇನ್ನೊಂದು ಊಹೆಯದು: ಹೇಗಾದರೂ ಬರೆಯಿರಿ, ನಿಮ್ಮ ಮನಸ್ಸಿನಲ್ಲಿದ್ದ ಪದವನ್ನು ಅದೇ ಹುಡುಕಿಕೊಡುತ್ತದೆ. ನಮ್ಮ ಹುಡುಗಿಯದು ಈ ಎರಡನೆಯದು.

ಮೊದಲ ಮೂರು ದಿನ ನನಗೆ ಇದು ಹಬ್ಬದಂತೆ ಕಂಡಿತು. ‘ಸ್ತ್ರೀ’ ಎಂಬುದಕ್ಕೆ ನನ್ನ ಪದ್ಧತಿಯಲ್ಲಿ ಆರು ಒತ್ತು, ಇಲ್ಲಿ ನಾಲ್ಕೇ. ‘ವಿಶ್ವವಿದ್ಯಾಲಯ’ದಂಥ ಪದ ಅರ್ಧ ಹೊಡೆಯುವಷ್ಟರಲ್ಲಿ ಪೂರ್ತಿಯಾಗಿ ಎದುರು ಬಂದು ನಿಲ್ಲುತ್ತದೆ. ನಾಲ್ಕನೆಯ ದಿನ ರೈತರೊಬ್ಬರ ಅರ್ಜಿ. ಮಳೆಗೆ ಬಿದ್ದ ಪೈರಿನ ಪರಿಹಾರ ಕೇಳಿದ್ದರು. ಬಿ-ಇ-ಎಲ್-ಇ ಎಂದು ಹೊಡೆದು ಮುಂದೆ ಹೋದೆ. ಮುದ್ರಿಸಿ ಕೊಟ್ಟ ಹಾಳೆಯನ್ನು ಅವರು ಕನ್ನಡಕ ಹಾಕಿಕೊಂಡು ಓದಿ, “ಸ್ವಾಮಿ, ನನ್ನದು ಬೆಲೆ ಹಾನಿಯಲ್ಲ, ಬೆಳೆ ಹಾನಿ. ಬೆಲೆ ಹಾನಿ ಪ್ರತಿ ವರ್ಷವೂ ಇದ್ದದ್ದೇ, ಅದಕ್ಕೆ ಯಾರು ಪರಿಹಾರ ಕೊಡುತ್ತಾರೆ?” ಎಂದರು. ಹುಡುಗಿ ನಕ್ಕಳು, ಅವಳ ಪದ್ಧತಿ ಎಂಬುದನ್ನು ನೆನಪಿಸಿದೆ.

ಹಲ್ಲಿ-ಹಳ್ಳಿಯ ತಮಾಷೆ ಎಲ್ಲರಿಗೂ ಗೊತ್ತು. ಅದನ್ನು ಕಣ್ಣು ಹಿಡಿಯುತ್ತದೆ. ಕಣ್ಣಿಗೆ ಬೀಳದೆ ನುಸುಳುವುದು ಬೆಲೆ-ಬೆಳೆಯಂಥದ್ದು, ಏಕೆಂದರೆ ಎರಡೂ ನಿಜವಾದ ಪದಗಳೇ, ಎರಡೂ ಅರ್ಜಿಯಲ್ಲಿ ಬರಬಹುದಾದವುಗಳೇ. ಹೆಸರುಗಳಲ್ಲಂತೂ ಊಹೆ ಕೈಕೊಡುತ್ತದೆ. ಕಲ್ಲಪ್ಪ ಎಂಬ ಹೆಸರು ಊಹೆಯ ಬಾಯಿಗೆ ಸಿಕ್ಕು ಕಳ್ಳಪ್ಪ ಆದರೆ ಕ್ಷಮೆ ಕೇಳಿದರೂ ಮುಗಿಯುವುದಿಲ್ಲ. ಶನಿವಾರ ನಾನು ಹದಿಮೂರು ನಿಮಿಷ ತೆಗೆದುಕೊಂಡೆ, ಅದರಲ್ಲಿ ಐದು ತಿದ್ದುವುದಕ್ಕೇ ಹೋಯಿತು. ಹುಡುಗಿ ಅದನ್ನೇ ಹನ್ನೊಂದರಲ್ಲಿ ಮುಗಿಸಿ, ತಪ್ಪಿಲ್ಲದೆ ತೋರಿಸಿದಳು. ಅವಳ ಕಣ್ಣು ಕೀಲಿಮಣೆಯ ಮೇಲಿರುವುದೇ ಇಲ್ಲ, ಪರದೆಯನ್ನೇ ಕಾವಲು ಕಾಯುತ್ತಿರುತ್ತದೆ. ನಾನು ಗಮನಿಸಿದ ಇನ್ನೊಂದು ಸಂಗತಿ ಹೇಳಿದರೆ ಅವಳು ಒಪ್ಪುವುದಿಲ್ಲ: ಆ ವಾರ ಸೈಕಲ್ ಮೇಲೆ ಮನೆಗೆ ಹೋಗುವಾಗ ಅಂಗಡಿಗಳ ಕನ್ನಡ ಫಲಕಗಳನ್ನೆಲ್ಲ ನನ್ನ ತಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬಿಡಿಸಿಕೊಳ್ಳುತ್ತಿತ್ತು. ಒಂದು ಪದ ಬರೆಯಲು ಎರಡು ಕಾಗುಣಿತ ಹೊರುವುದು ನನಗೆ ಸಾಕಾಯಿತು.

ಮೂರನೆಯದು ಇನ್‌ಸ್ಕ್ರಿಪ್ಟ್. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ತಂದದ್ದು, 1991ರಲ್ಲಿ ಭಾರತೀಯ ಮಾನಕ ಬ್ಯೂರೊ ಅಂಗೀಕರಿಸಿದ್ದು. ಇದಕ್ಕೂ ಇಂಗ್ಲಿಷಿನ ಉಚ್ಚಾರಕ್ಕೂ ನಂಟಿಲ್ಲ (ಕೆ ಒತ್ತಿದರೆ ಕ ಬರುತ್ತದೆ, ಅದು ಕಾಕತಾಳೀಯ). ಎಡಗೈಗೆ ಸ್ವರಗಳು, ಬಲಗೈಗೆ ಹೆಚ್ಚಿನ ವ್ಯಂಜನಗಳು. ಗುಣಿತಾಕ್ಷರ ಹೊಡೆಯುವಾಗ ಎರಡು ಕೈಗಳೂ ಸರದಿಯ ಮೇಲೆ ಏಳುತ್ತವೆ, ಮದ್ದಲೆ ಬಾರಿಸಿದ ಹಾಗೆ. ‘ಕರ್ನಾಟಕ’ಕ್ಕೆ ಏಳು ಒತ್ತು, ಶಿಫ್ಟ್ ಒಮ್ಮೆಯೂ ಇಲ್ಲ. ನನ್ನ ಕಿರುಬೆರಳಿನ ನೋವು ಗುರುವಾರದ ಹೊತ್ತಿಗೆ ಇಳಿದಿತ್ತು. ಹಣ ಕೊಟ್ಟು ಕೊಳ್ಳಬೇಕಿಲ್ಲ, ವಿಂಡೋಸ್, ಲಿನಕ್ಸ್ ಎರಡರಲ್ಲೂ ಮೊದಲೇ ಕೂತಿರುತ್ತದೆ, ಬೇರೆಯವರ ಕಂಪ್ಯೂಟರಿನಲ್ಲಿ ಏನನ್ನೂ ಹಾಕಿಕೊಳ್ಳದೆ ಕೆಲಸ ಮಾಡಬಹುದು. ದೊಡ್ಡ ಆಶ್ಚರ್ಯ ಎಂದರೆ ಬಟ್ಟೆ ಅಂಗಡಿಯವರು ಹಿಂದಿಯಲ್ಲೊಂದು ಆಹ್ವಾನ ಪತ್ರಿಕೆ ತಂದಾಗ ಅದೇ ಬೆರಳುಗಳು ಹಿಂದಿಯನ್ನೂ ಹೊಡೆದವು, ಏಕೆಂದರೆ ಭಾರತದ ಲಿಪಿಗಳಿಗೆಲ್ಲ ಕ ಇರುವ ಕೀಲಿ ಒಂದೇ.

ಆ ಒಗ್ಗಟ್ಟಿನ ಬೆಲೆ ತೆತ್ತದ್ದು ಮಾತ್ರ ನಾವು. ಹಿಂದಿಗೆ ಹ್ರಸ್ವ ಎ, ಒ ಬೇಕಿಲ್ಲ. ಒಳ್ಳೆಯ ಜಾಗಗಳೆಲ್ಲ ಹಂಚಿಹೋದ ಮೇಲೆ ನಮ್ಮ ಎತ್ವಕ್ಕೆ ಕೆಳಗಿನ ಸಾಲಿನ ತುದಿಯ ಜ಼ೆಡ್ ಕೀಲಿ, ಒತ್ವಕ್ಕೆ ಮೇಲಿನ ಎಡಮೂಲೆ. ‘ಮನೆ’, ‘ಕೆರೆ’, ‘ಬೆಳೆ’, ‘ಕೊಡೆ’ ಎನ್ನುವ ಭಾಷೆಗೆ ಎತ್ವ-ಒತ್ವಗಳನ್ನು ಜಗಲಿಯಲ್ಲಿ ಕೂರಿಸಿದ ಹಾಗೆ. ಶನಿವಾರದ ಅರ್ಜಿಗೆ ಇಪ್ಪತ್ತಾರು ನಿಮಿಷ ಬೇಕಾಯಿತು. ಇದು ವಿನ್ಯಾಸದ ಸೋಲಲ್ಲ, ಒಂದೇ ವಾರದ ಕಲಿಕೆ. ಇಪ್ಪತ್ತೈದರ ವಯಸ್ಸಿನಲ್ಲಿ ಯಾರಾದರೂ ಕೂರಿಸಿ ಕಲಿಸಿದ್ದರೆ ನಾನು ಇದರಲ್ಲೇ ಇರುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಆ ವಾರದ್ದೇ ಇನ್ನೊಂದು ಸಂಗತಿ. ಹಳೆಯ ಗಿರಾಕಿಯೊಬ್ಬರ ಕರಾರು ಹುಡುಕುತ್ತಿದ್ದೆ. ಅದರಲ್ಲಿ ಬೆಂಗಳೂರಿನ ವಿಳಾಸ ಇದ್ದದ್ದು ನೆನಪಿತ್ತು. ‘ಬೆಂಗಳೂರು’ ಎಂದು ಕೊಟ್ಟರೆ ಫೈಲು ಬರುತ್ತಿಲ್ಲ. ಕೊನೆಗೆ ದಿನಾಂಕದ ಮೇಲೆ ಹುಡುಕಿ ತೆಗೆದೆ. ಊರಿನ ಹೆಸರು ಕಣ್ಣೆದುರೇ ಇದೆ. ಅದು ‘ಬೆ೦ಗಳೂರು’. ನೀವು ಓದುತ್ತಿರುವ ಪರದೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದಿದ್ದರೆ ನನಗೂ ಕಂಡಿರಲಿಲ್ಲ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡ ಅಂಕಿಯ ಸೊನ್ನೆ. ಹೊಡೆದವರಿಗೆ ದುಂಡಗಿನದೊಂದು ಬೇಕಿತ್ತು, ಸಿಕ್ಕಿದ್ದನ್ನು ಹಾಕಿದರು. ಹುಡುಕುವ ಯಂತ್ರಕ್ಕೆ ಎರಡೂ ಬೇರೆ ಬೇರೆ ಅಕ್ಷರ. ‘ರಾಜ್‌ಕುಮಾರ್’ ಎಂಬಲ್ಲಿ ಜ ಕೆಳಗೆ ಕ ಒತ್ತಾಗಿ ಇಳಿಯದಿರಲೆಂದು ನಡುವೆ ಇಡುವ ಕಣ್ಣಿಗೆ ಕಾಣದ ಬೇಲಿಯದೂ ಇದೇ ಕಥೆ. ಬೇಲಿ ಹಾಕದೆ ಹುಡುಕಿದರೆ ಬೇಲಿ ಹಾಕಿದ್ದು ಎಷ್ಟೋ ತಂತ್ರಾಂಶಗಳಲ್ಲಿ ಸಿಕ್ಕುವುದಿಲ್ಲ. ಈ ಒಂದು ವಿಷಯದಲ್ಲಿ ಹುಡುಗಿಯ ಊಹೆಯ ಪದ್ಧತಿ ನನಗಿಂತ ಮೇಲು. ಅದು ಪದವನ್ನು ಸಿದ್ಧವಾಗಿ ಕೊಡುವುದರಿಂದ ಸೊನ್ನೆ ಸೊನ್ನೆಯ ಜಾಗದಲ್ಲಿ, ಅನುಸ್ವಾರ ಅನುಸ್ವಾರದ ಜಾಗದಲ್ಲಿ ಇರುತ್ತದೆ. ಒಪ್ಪಿಕೊಂಡೆ. ಅವತ್ತಿನ ಚಹಾದ ದುಡ್ಡು ನನ್ನದು.

ಕೊನೆಯ ವಾರ ಕೀಲಿಮಣೆಯೇ ಇಲ್ಲ, ಮೊಬೈಲಿಗೆ ಮಾತು ಹೇಳುವುದು. ನಾನು ಅರ್ಜಿಯನ್ನು ಓದಿ ಹೇಳಿದ್ದು ಮೂರು ನಿಮಿಷ, ತಿದ್ದಿದ್ದು ಹತ್ತು. ಪೂರ್ಣವಿರಾಮವಿಲ್ಲದೆ ಒಂದೇ ಉಸಿರಿನಲ್ಲಿ ಹರಿದ ಪುಟ. ‘ಪೌತಿ ಖಾತೆ’ ಎಂದದ್ದು ‘ಪ್ರೀತಿ ಖಾತೆ’ ಆಗಿತ್ತು. ಆದರೆ ಎರಡು ಎಕರೆ ಹದಿಮೂರು ಗುಂಟೆ ಎಂದದ್ದನ್ನು ಅಂಕಿಯಲ್ಲೇ ಬರೆದಿತ್ತು, ಅದು ನಾನು ನಿರೀಕ್ಷಿಸಿದ್ದಲ್ಲ.

ಇಷ್ಟರಲ್ಲೇ ಬಿಟ್ಟುಬಿಡುತ್ತಿದ್ದೆ. ಶುಕ್ರವಾರ ಒಬ್ಬ ಅಜ್ಜಿ ಬಂದರು, ವಿಧವಾ ವೇತನ ನಿಂತು ನಾಲ್ಕು ತಿಂಗಳಾಗಿತ್ತು. ಸಾಮಾನ್ಯವಾಗಿ ಇಂಥವರು ಟೈಪ್ ಮಾಡುವವನ ಎದುರು ಕೂತರೆ ಮಾತೇ ಆಡುವುದಿಲ್ಲ. “ನೀವೇ ಬರೆಯಿರಿ, ನಿಮಗೆ ಗೊತ್ತಿರುತ್ತದೆ” ಎಂದುಬಿಡುತ್ತಾರೆ. ನಾವೂ ‘ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಗಾಣದ ಎತ್ತಿನಂತೆ ತಿರುಗುತ್ತೇವೆ. ಅವತ್ತು ಹುಡುಗಿ ಮೊಬೈಲನ್ನು ಅಜ್ಜಿಯ ಕೈಗೆ ಕೊಟ್ಟು, “ಅಜ್ಜಿ, ಮಗಳಿಗೆ ಫೋನಿನಲ್ಲಿ ಹೇಳುತ್ತೀರಲ್ಲ, ಹಾಗೆಯೇ ಹೇಳಿ” ಎಂದಳು. ಅಜ್ಜಿ ಹೇಳಿದರು. ಯಾವ ತಿಂಗಳು ಬಂತು, ಯಾವ ತಿಂಗಳು ಬರಲಿಲ್ಲ, ಕೇಳಲು ಹೋದಾಗ ಯಾವ ಕಾಗದ ಕೇಳಿದರು, ಎರಡನೆಯ ಸಲ ಹೋದಾಗ ಇನ್ನಾವುದು ಕೇಳಿದರು, ಎಲ್ಲ ಸರದಿಯಲ್ಲಿ. ಮೂರರಲ್ಲೊಂದು ಪದ ತಪ್ಪಾಗಿ ಬಿದ್ದಿತ್ತು. ಆದರೆ ನನ್ನ ಒಂಬತ್ತು ನಿಮಿಷದ ಅರ್ಜಿಗಳಲ್ಲಿ ಎಂದೂ ಇರದಿದ್ದ ವಿವರ ಅದರಲ್ಲಿತ್ತು. ತಪ್ಪುಗಳನ್ನು ಕೆ.ಪಿ. ರಾವ್ ವಿನ್ಯಾಸದಲ್ಲಿ ತಿದ್ದಿ, ಮೇಲೆ ‘ಮಾನ್ಯರೇ’ ಸೇರಿಸಿ ಮುದ್ರಿಸಿದೆ.

ಈಗ ಅಂಗಡಿಯಲ್ಲಿ ನಡೆಯುತ್ತಿರುವುದು ಹೀಗೆ. ವಯಸ್ಸಾದವರ ಅಹವಾಲು ಮೊದಲು ಮೊಬೈಲಿಗೆ. ಹೆಸರು, ಊರು, ಸರ್ವೆ ನಂಬರು ಇರುವ ಅರ್ಜಿ ನನ್ನ ಮೇಜಿಗೆ. ಉದ್ದನೆಯ ವರದಿ, ಕರೆಯೋಲೆ ಅವಳ ಮೇಜಿಗೆ. ದಿನವಿಡೀ ಕನ್ನಡ ಬರೆಯುವ ಕೆಲಸಕ್ಕೆ ಹೊಸದಾಗಿ ಬರುವವರು ಕೇಳಿದರೆ, ನಾನಾಗಿಯೇ ಕಲಿಯದಿದ್ದ ಇನ್‌ಸ್ಕ್ರಿಪ್ಟನ್ನು ಎರಡು ತಿಂಗಳು ಹಟ ಹಿಡಿದು ಕಲಿಯಿರಿ ಎನ್ನುತ್ತೇನೆ. ಅಷ್ಟು ತಾಳ್ಮೆ ಇಲ್ಲದವರಿಗೆ ಕೆ.ಪಿ. ರಾವ್. ವಾರಕ್ಕೊಂದು ಪತ್ರ ಬರೆಯುವವರಿಗೆ ಹುಡುಗಿಯ ದಾರಿ ಸಾಕು, ಬೆಳೆ-ಬೆಲೆ ನೋಡಿಕೊಂಡರೆ ಆಯಿತು.

ನಾನಂತೂ ಬದಲಾಗಲಿಲ್ಲ. ಹೋದ ವಾರ ನನ್ನ ಎಫ್ ಕೀಲಿ ಪೂರ್ತಿ ಕೈಕೊಟ್ಟಿತು, ಎರಡು ಸಲ ಗುದ್ದಿದರೂ ಒತ್ತಕ್ಷರ ಬರುತ್ತಿಲ್ಲ. ಹೊಸದು ತರಲು ಹೊರಟವನನ್ನು ಹುಡುಗಿ ತಡೆದಳು. ಅವಳ ಎಫ್ ಹೇಗೂ ಹೊಸದರಂತಿದೆಯಲ್ಲ, ಅದಲುಬದಲು ಮಾಡಿಕೊಂಡೆವು. ಈಗ ಅವಳು ‘ಫೋಟೊ’ ಎಂದು ಬರೆಯಬೇಕಾದಾಗ ಪಿ-ಎಚ್ ಹೊಡೆಯುತ್ತಾಳೆ.